ಗವಾನ್ ಮದರಸಾದ ನೀಲಿ

ಬೀದರಿನ ಮಹಮೂದ್ ಗವಾನ್ ಮದರಸಾವನ್ನು ನೋಡಬೇಕಾದದ್ದು ಬೆಳಿಗ್ಗೆ. ಕಟ್ಟಡದ ಮುಖ ಪೂರ್ವಕ್ಕಿದೆ. ಸೂರ್ಯ ಒಂದಿಷ್ಟು ಮೇಲೇರಿದಾಗ ಬಿಸಿಲು ಮಿನಾರಿನ ಮೈಗೆ ನೇರವಾಗಿ ಬೀಳುತ್ತದೆ. ಸಂಜೆ ಹೋದವರು ಒಂದು ದೊಡ್ಡ ಹಳೆಯ ಕಟ್ಟಡ ನೋಡಿ ಬರುತ್ತಾರೆ, ಬೆಳಿಗ್ಗೆ ಹೋದವರಿಗೆ ಅದರ ನೀಲಿ ಸಿಗುತ್ತದೆ.

ಆ ನೀಲಿ ಒಂದೇ ಬಗೆಯದಲ್ಲ. ಅಕ್ಷರಗಳ ಹಿಂದೆ ಹಾಸಿರುವುದು ಗಾಢವಾದ, ಹೆಚ್ಚುಕಡಿಮೆ ಕಪ್ಪಿಗೆ ತಿರುಗುವ ನೀಲಿ. ಮಿನಾರಿನ ಪಟ್ಟಿಗಳಲ್ಲಿ ಹಸಿರಿನ ಕಡೆ ವಾಲುವ ತಿಳಿ ನೀಲಿ ಇದೆ. ನಡುನಡುವೆ ಬಿಳಿ, ಹಳದಿ, ಹಸಿರು. ಮಿನಾರಿನ ಸುತ್ತ ಈ ಬಣ್ಣಗಳು ಅಂಕುಡೊಂಕಾದ ಗೆರೆಗಳಾಗಿ, ಒಂದರ ಮೇಲೊಂದು ಏರುತ್ತಾ ಹೋಗುತ್ತವೆ. ಹತ್ತಿರ ನಿಂತು ಒಂದೇ ಒಂದು ಬಿಲ್ಲೆಯನ್ನು ನೋಡಿ. ಮೇಲಿನ ಮೆರುಗಿನಲ್ಲಿ ಕೂದಲೆಳೆಯಂಥ ಸೀಳುಗಳಿವೆ, ಅಂಚು ಒಂದೆಡೆ ಮುಕ್ಕಾಗಿದೆ. ಆದರೂ ಐನೂರೈವತ್ತು ವರ್ಷದ ಮಳೆ ಬಿಸಿಲು ತಿಂದ ಆ ಬಣ್ಣ ನಿನ್ನೆ ಹಚ್ಚಿದಂತೆ ಹಸಿಯಾಗಿದೆ. ಅದರ ಪಕ್ಕದ ಬಿಲ್ಲೆ ಉದುರಿಹೋಗಿ, ಅದು ಕೂತಿದ್ದ ಜಾಗದ ಗಚ್ಚು ಮಾತ್ರ ಉಳಿದಿದೆ. ಮುಂಭಾಗದ ಬಹುಪಾಲು ಹೀಗೆಯೇ ಬರಿದಾಗಿದೆ. ಉಳಿದ ತುಣುಕುಗಳಿಂದ ಇಡೀ ಗೋಡೆಯನ್ನು ಮನಸ್ಸಿನಲ್ಲೇ ತುಂಬಿಕೊಳ್ಳಬೇಕು. ಆ ಕೆಲಸ ನನಗೆ ಎಂದೂ ಬೇಸರ ತಂದಿಲ್ಲ.

ಮೇಲ್ಗಡೆ ಅಕ್ಷರಗಳ ಪಟ್ಟಿಯಿದೆ. ಗಾಢ ನೀಲಿಯ ಮೇಲೆ ಬಿಳಿ ಅಕ್ಷರ. ಉದ್ದ ಗೀಟುಗಳು ನೆಟ್ಟಗೆ ನಿಂತಿವೆ, ಅವುಗಳ ಬುಡದಲ್ಲಿ ಬಾಗಿದ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬರೆದವನು ಅಲಿ ಅಲ್-ಸೂಫಿ ಎಂಬ ಕಲಾವಿದ. ಓದಲು ಬಾರದವರಿಗೂ ಅದರ ಲಯ ಕಣ್ಣಿಗೆ ತಾಗುತ್ತದೆ. ಅರ್ಥ ತಿಳಿದಾಗ ಸುಖ ಇಮ್ಮಡಿ. ಅದು ಕುರಾನಿನ ಒಂದು ವಚನ. ಸ್ವರ್ಗದ ಬಾಗಿಲು ತೆರೆದು, ಬರುವವರಿಗೆ ದ್ವಾರಪಾಲಕರು ಶುಭ ಕೋರಿ ಒಳಗೆ ಕರೆಯುವ ಪ್ರಸಂಗ. ಆ ಮಾತನ್ನು ಗವಾನ್ ಬರೆಸಿದ್ದು ಒಂದು ವಿದ್ಯಾಲಯದ ಮೇಲೆ. ಓದಲು ಬರುವ ಹುಡುಗರನ್ನು ಹೀಗೆ ಸ್ವಾಗತಿಸಿದ ಗೋಡೆ ನಮ್ಮ ಜಿಲ್ಲೆಯಲ್ಲಿದೆ ಎಂಬುದು ನನಗೆ ಹೆಮ್ಮೆ.

ಕಟ್ಟಡದ ಕುಲ ಎಲ್ಲಿಯದು ಎಂದು ಬಲ್ಲವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಖುರಾಸಾನಿನ ಖರ್ಗಿರ್ದ್‌ನಲ್ಲಿ, ಸಮರ್ಖಂಡದಲ್ಲಿ ಇದರ ಅಣ್ಣಂದಿರಿದ್ದಾರೆ. ನಡುವೆ ಅಂಗಳ, ನಾಲ್ಕೂ ಕಡೆ ಎತ್ತರದ ಕಮಾನು, ಸುತ್ತ ಮೂರು ಅಂತಸ್ತಿನಲ್ಲಿ ವಿದ್ಯಾರ್ಥಿಗಳ ಕೋಣೆಗಳು. ಉದ್ದ 205 ಅಡಿ, ಅಗಲ 180 ಅಡಿ. ಗ್ರಂಥಾಲಯದಲ್ಲಿ 3,000 ಪುಸ್ತಕಗಳಿದ್ದವೆಂದು ಹೇಳುತ್ತಾರೆ. ಇದೆಲ್ಲ ಪ್ರವಾಸಿ ಫಲಕಗಳಲ್ಲಿ ಸಿಗುವ ಮಾತು. ಫಲಕಗಳು ಹೇಳದ ಒಂದು ಸಂಗತಿಗಾಗಿ ನಾನು ಈ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅದು ಸಮುದ್ರದ ಸಂಗತಿ.

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆಯ ನಮಗೆ ನೀರೆಂದರೆ ಮಾಂಜ್ರಾ. ಕರಿ ಎರೆಭೂಮಿ, ತೊಗರಿ, ಜೋಳ, ಈಚೆಗೆ ಸೋಯಾ. ಹೊಳೆಯ ನೀರು ಗೋದಾವರಿ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ. ಪಶ್ಚಿಮದ ಕಡಲು ನೋಡಬೇಕಾದರೆ ಇಡೀ ಮಹಾರಾಷ್ಟ್ರ ಹಾದು ಸಹ್ಯಾದ್ರಿ ಇಳಿಯಬೇಕು. ಇಂಥ ಒಣ ನಾಡಿನ ನಡುವೆ ಕೂತ ಬೀದರ್, ಹದಿನೈದನೆಯ ಶತಮಾನದಲ್ಲಿ ಒಂದು ನೌಕಾಬಲದ ರಾಜಧಾನಿಯಾಗಿತ್ತು. ಆ ಬಲ ಕಟ್ಟಿದವನೇ ಈ ಗೋಡೆಯನ್ನೂ ಕಟ್ಟಿಸಿದ.

ಗವಾನ್ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತದಲ್ಲಿ. 1453ರಲ್ಲಿ ವ್ಯಾಪಾರಿಯಾಗಿ ಹಡಗಿನಲ್ಲಿ ಕೊಂಕಣದ ದಾಭೋಳ ಬಂದರಿಗೆ ಬಂದಿಳಿದ. ಆಗ ಅವನಿಗೆ ನಲವತ್ತು ದಾಟಿತ್ತು. ಕೈಯಲ್ಲಿದ್ದ ಬಂಡವಾಳ 40,000 ಲಾರಿ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಲಾರಿ ಎಂಬ ನಾಣ್ಯ ದುಂಡಗಿರುತ್ತಿರಲಿಲ್ಲ. ಬೆಳ್ಳಿಯ ತಂತಿಯನ್ನು ತುಂಡರಿಸಿ, ನಡುವೆ ಮಡಚಿ, ಮೇಲೆ ಠಸ್ಸೆ ಒತ್ತುತ್ತಿದ್ದರು. ಪರ್ಷಿಯಾ ಕೊಲ್ಲಿಯಿಂದ ನಮ್ಮ ಪಶ್ಚಿಮ ಕರಾವಳಿಯವರೆಗೆ ಎಲ್ಲ ಬಂದರುಗಳಲ್ಲೂ ಅದು ನಡೆಯುತ್ತಿತ್ತು. ಆ ಮಡಚಿದ ಬೆಳ್ಳಿಯ ತುಂಡಿನೊಂದಿಗೆ ಬಂದವನು ಬೀದರಿನಲ್ಲಿ ಮೊದಲು ಆಸ್ಥಾನಿಕನಾದ, ಆಮೇಲೆ ‘ಮಲಿಕ್-ಉತ್-ತುಜ್ಜಾರ್’ ಆದ, ವರ್ತಕರ ಒಡೆಯ. 1463ರಲ್ಲಿ ಎಳೆಯ ಹುಡುಗ ಮೂರನೆಯ ಮುಹಮ್ಮದ್ ಷಾ ಬಹಮನಿ ಸಿಂಹಾಸನ ಏರಿದ ಮೇಲೆ ರಾಜ್ಯದ ಪ್ರಧಾನಿಯೂ ಆದ.

ವರ್ತಕನಾಗಿದ್ದವನಿಗೆ ಕಡಲಿನ ಬೆಲೆ ಗೊತ್ತಿತ್ತು. ಆಗಿನ ಯುದ್ಧ ನಡೆಯುತ್ತಿದ್ದುದು ಕುದುರೆಯ ಮೇಲೆ, ಒಳ್ಳೆಯ ಕುದುರೆ ಬರುತ್ತಿದ್ದುದು ಹಡಗಿನಲ್ಲಿ. ಅದೇ ಕಾಲದಲ್ಲಿ ಬೀದರಿಗೆ ಬಂದ ರಷ್ಯದ ಪ್ರವಾಸಿ ಅಫನಾಸಿ ನಿಕಿತಿನ್ ಕೂಡ ಮಾರಲು ಒಂದು ಕುದುರೆ ತಂದಿದ್ದ. ದಾಭೋಳದ ಕುದುರೆ ವ್ಯಾಪಾರವನ್ನು ಅವನೂ ಬರೆದಿಟ್ಟಿದ್ದಾನೆ. ಈ ದಾರಿಗೆ ಖೇಳಣಾ, ಸಂಗಮೇಶ್ವರದ ನಾಯಕರು ಅಡ್ಡ ನಿಂತು ಹಡಗು ದೋಚುತ್ತಿದ್ದರು. ಗೋವಾ ವಿಜಯನಗರದ ಕೈಯಲ್ಲಿತ್ತು. ಗವಾನ್ 1469ರಲ್ಲಿ ಹೊರಟು, ಮಳೆ ಕಾಡು ಎನ್ನದೆ ಒಂದೊಂದೇ ಕೋಟೆ ಹಿಡಿದು, 1472ರಲ್ಲಿ ಗೋವಾ ಮುಟ್ಟಿದ. ನೆಲದಿಂದ ತಾನು ಬಂದ, ಕಡಲಿನಿಂದ 120 ಹಡಗು ಕಳಿಸಿದ ಎನ್ನುತ್ತಾನೆ ಫೆರಿಷ್ತಾ. ಗೋವಾ ಕೈಸೇರಿತು. ಅವನ ಪತ್ರಗಳ ಸಂಗ್ರಹ ‘ರಿಯಾಜ್-ಉಲ್-ಇನ್ಷಾ’ದಲ್ಲಿ ಆ ಊರಿನ ನೀರು, ತೆಂಗು, ಅಡಿಕೆಗಳನ್ನು ಕುರಿತು ಬರೆಯುವಾಗ ಗೆದ್ದವನ ಗತ್ತಿಗಿಂತ ನೋಡಿದವನ ಸಂತೋಷವೇ ಹೆಚ್ಚು ಕಾಣುತ್ತದೆ.

ಮದರಸಾ ಪೂರ್ತಿಯಾದದ್ದೂ ಅದೇ 1472ರ ಸುಮಾರಿಗೆ. ಒಂದು ಕೈಯಲ್ಲಿ ಗೋವಾ, ಇನ್ನೊಂದು ಕೈಯಲ್ಲಿ ಈ ಗೋಡೆ. ಮಿನಾರಿನ ಅಂಕುಡೊಂಕು ಗೆರೆಗಳು ಇರಾನಿನ ಹಳೆಯ ವಿನ್ಯಾಸವೆಂದು ಗೊತ್ತಿದ್ದರೂ ನನಗೆ ಅವು ತೆರೆಗಳಂತೆಯೇ ಕಾಣುತ್ತವೆ. ಈ ಕುಶಲತೆ, ಈ ವಿದ್ವಾಂಸರು, ಈ ಅಕ್ಷರ ಎಲ್ಲವೂ ಬೀದರಿಗೆ ಬಂದದ್ದು ಆ ಬಂದರುಗಳ ಬಾಗಿಲಿನಿಂದ. ಕವಿ ಜಾಮಿಗೆ ಗವಾನ್ ಓಲೆ ಬರೆದು ಬೀದರಿಗೆ ಕರೆದದ್ದೂ ಅದೇ ದಾರಿಯ ನೆಚ್ಚಿಕೆಯಿಂದ. ಜಾಮಿ ಬರಲಿಲ್ಲ, ಅವನ ಓಲೆಗಳು ಬಂದವು.

ಗೋವಾದಿಂದ ಮರಳಿದಾಗ ಸುಲ್ತಾನ ಗವಾನನ ಮನೆಗೇ ಬಂದು ಒಂದು ವಾರ ಉಳಿದ, ತನ್ನ ಉಡುಪನ್ನೇ ಅವನಿಗೆ ತೊಡಿಸಿದ. ಸುಲ್ತಾನ ಹೋದ ಮೇಲೆ ಗವಾನ್ ಕೋಣೆಯ ಬಾಗಿಲು ಹಾಕಿಕೊಂಡು ಆ ಬಟ್ಟೆ ಕಳಚಿ ಅತ್ತನಂತೆ. ಆಮೇಲೆ ಇದ್ದಬದ್ದ ಸಂಪತ್ತನ್ನೆಲ್ಲ ಪಂಡಿತರಿಗೂ ಫಕೀರರಿಗೂ ಹಂಚಿ, ಪುಸ್ತಕ, ಆನೆ, ಕುದುರೆಗಳನ್ನು ಮಾತ್ರ ಇಟ್ಟುಕೊಂಡ. ಪುಸ್ತಕ ವಿದ್ಯಾರ್ಥಿಗಳದು, ಆನೆ ಕುದುರೆ ಸುಲ್ತಾನನದು, ನನ್ನದೇನೂ ಇಲ್ಲ ಎಂಬುದು ಅವನ ಲೆಕ್ಕ. ಮಲಗುತ್ತಿದ್ದುದು ಚಾಪೆಯ ಮೇಲೆ, ಅಡುಗೆ ಮಣ್ಣಿನ ಗಡಿಗೆಯಲ್ಲಿ.

ಇಂಥವನಿಗೆ ಶತ್ರುಗಳು ಹುಟ್ಟಿದ್ದು ಆಡಳಿತದ ದಾರಿಯಿಂದ. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದು ಸರದಾರರ ಕೈ ಕಟ್ಟಿದ. ಅವರಲ್ಲೊಬ್ಬನಾದ ಮಲಿಕ್ ಹಸನ್ ಮತ್ತು ಅವನ ಗುಂಪಿನವರು ಗವಾನನ ಮುದ್ರೆ ಕಾಯುವವನಿಗೆ ಕುಡಿಸಿ, ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರಲ್ಲಿ ಒರಿಸ್ಸಾದ ಪುರುಷೋತ್ತಮ ಗಜಪತಿಯನ್ನು ದಂಡೆತ್ತಿ ಬರಲು ಕರೆಯುವ ಓಲೆ ಬರೆದರು. ಸುಲ್ತಾನ ಆಗ ಆಂಧ್ರದ ಕೊಂಡಪಲ್ಲಿಯ ಬಿಡಾರದಲ್ಲಿದ್ದ, ಕುಡಿದಿದ್ದ. ಕರೆ ಬಂದಾಗ ಗೆಳೆಯರು ಹೋಗಬೇಡವೆಂದರು, ಗುಜರಾತಿಗೆ ದಾಟಿಸುತ್ತೇವೆಂದರು. ಗವಾನ್ ಒಪ್ಪಲಿಲ್ಲ, ಹೋದ. ದ್ರೋಹಿಗೆ ಏನು ಶಿಕ್ಷೆ ಎಂಬ ಪ್ರಶ್ನೆಗೆ ಕತ್ತಿ ಎಂದ. ಓಲೆ ತೋರಿಸಿದಾಗ, ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ. ಅಷ್ಟೇ. ವಿಚಾರಣೆ ನಡೆಯಲೇ ಇಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನ ಮುದುಕನ ತಲೆಯನ್ನು ಜೌಹರ್ ಎಂಬ ಗುಲಾಮ ಹಾರಿಸಿದ. ಸಿಂಹಾಸನದ ಅಪ್ಪಣೆ ಇದ್ದಿರಬಹುದು. ನಾನು ಅದನ್ನು ಕೊಲೆ ಎಂದೇ ಕರೆಯುತ್ತೇನೆ.

ಅವನ ಹಡಗುಗಳು ಆಮೇಲೆ ಏನು ಮಾಡಿದವು ಎಂಬುದನ್ನು ಗೋಡೆ ನೋಡುವವರು ತಿಳಿದಿರಬೇಕು. ನಾಯಕನೊಬ್ಬ ಕೊಲೆಯಾದಾಗ ನೌಕಾಪಡೆ ಬಾವುಟವನ್ನು ಅರ್ಧಕ್ಕೆ ಇಳಿಸುತ್ತದೆ, ಶಿಸ್ತಿನಿಂದ ನಿಲ್ಲುತ್ತದೆ. 1948ರ ಜನವರಿ 31ರಂದು ದೆಹಲಿಯಲ್ಲಿ ಗಾಂಧೀಜಿಯ ಪಾರ್ಥಿವ ಶರೀರವಿದ್ದ ಗಾಡಿಯನ್ನು ಭೂಸೇನೆ, ವಾಯುಪಡೆಯವರ ಜೊತೆಗೆ ನಮ್ಮ ನಾವಿಕರು ಹಗ್ಗ ಹಿಡಿದು ಕೈಯಾರೆ ಎಳೆದರು. ಆ ಪಡೆ ದೇಶದ್ದಾಗಿತ್ತು, ಹಾಗಾಗಿ ದುಃಖಕ್ಕೂ ಒಂದು ಕ್ರಮವಿತ್ತು. ಬಹಮನಿಗಳ ಹಡಗುಗಳು ಹಾಗಲ್ಲ. ಅವು ಬಂದರಿನ ಅಧಿಕಾರಿಗಳ ಕೈಯಲ್ಲಿದ್ದವು, ಆ ಅಧಿಕಾರಿಗಳು ಗವಾನನ ನಂಬಿಕೆಯ ಮೇಲೆ ನಿಂತಿದ್ದರು. ಒಬ್ಬನ ತಲೆ ಬಿದ್ದ ಕೂಡಲೇ ಬೀದರಿಗೂ ಕಡಲಿಗೂ ಇದ್ದ ಹಗ್ಗ ಹರಿಯಿತು. ನೆಲದ ಮೇಲಿನ ಸರದಾರರು ಸುಲ್ತಾನನಿಗೆ ದೂರದಿಂದ ಸಲಾಮು ಮಾಡಿ, ತಮ್ಮ ಬಿಡಾರವನ್ನು ಬೇರೆಯೇ ಹೂಡಿದರು. ಕಡಲಿನವರು ಸಲಾಮು ಮಾಡುವುದನ್ನೂ ಬಿಟ್ಟರು.

ಬಹಾದೂರ್ ಗೀಲಾನಿ ಎಂಬವನು ಗೋವಾ ಹಿಡಿದ, ದಾಭೋಳ ಹಿಡಿದ. ಹೆಸರೇ ಹೇಳುವಂತೆ ಅವನೂ ಗವಾನನ ನಾಡಿನವನೇ. ಕಳ್ಳರಿಂದ ವರ್ತಕರನ್ನು ಕಾಯಲೆಂದು ಕಟ್ಟಿದ ಕರಾವಳಿಯಿಂದಲೇ ವರ್ತಕರನ್ನು ದೋಚಿದ. ಗುಜರಾತಿನ ಹಡಗುಗಳನ್ನು ಹಿಡಿದ, ಮುಂಬಯಿಯ ಮಾಹಿಮ್ ಮೇಲೆ ದಾಳಿ ಮಾಡಿಸಿದ. ಗುಜರಾತಿನ ಮಹಮೂದ್ ಬೇಗಡ ಬೀದರಿಗೆ ದೂತರನ್ನು ಕಳಿಸಿ, ನಿಮ್ಮ ಮನುಷ್ಯನನ್ನು ಹಿಡಿಯಿರಿ, ಇಲ್ಲವಾದರೆ ನಾವು ಹಿಡಿಯುತ್ತೇವೆ ಎನ್ನುವ ಸ್ಥಿತಿ ಬಂತು. ಕೊನೆಗೆ 1494ರಲ್ಲಿ ಬೀದರಿನ ಸೈನ್ಯ ಹೋಗಿ ಅವನನ್ನು ಕೊಂದಿತು. ಆ ಹೊತ್ತಿಗೆ ಬಿಜಾಪುರ, ಅಹಮದ್‌ನಗರ, ಬೇರಾರ್ ತಮ್ಮ ದಾರಿ ಹಿಡಿದಾಗಿತ್ತು. 1510ರ ನವೆಂಬರಿನಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಪೋರ್ಚುಗೀಸರ ಅಲ್ಬುಕರ್ಕ್ ಗೋವಾವನ್ನು ಬಿಜಾಪುರದಿಂದ ಕಿತ್ತುಕೊಂಡ. ಗವಾನ್ ಸತ್ತು ಮೂವತ್ತು ವರ್ಷವೂ ಆಗಿರಲಿಲ್ಲ.

ಸುಲ್ತಾನ ಅಷ್ಟು ದಿನ ಬದುಕಲಿಲ್ಲ. ಗವಾನನ ಖಜಾನೆ ತೆರೆಸಿದಾಗ ಅಲ್ಲಿ ಸಿಕ್ಕಿದ್ದು ಅತ್ಯಲ್ಪ, ಅದೂ ಸೈನಿಕರ ಪಾಲು ಮತ್ತು ಬಡವರ ಪಾಲು ಎಂದು ಬೇರೆ ಮಾಡಿಟ್ಟದ್ದು. ಸತ್ಯ ತಿಳಿದು ಪರಿತಪಿಸಿದ. 1482ರ ಮಾರ್ಚಿನಲ್ಲಿ, ಒಂದು ವರ್ಷ ತುಂಬುವುದರೊಳಗೆ, ಗವಾನ್ ನನ್ನ ಎದೆ ಸೀಳುತ್ತಿದ್ದಾನೆ ಎಂದು ಕೂಗುತ್ತಾ ಸತ್ತ ಎಂದು ಫೆರಿಷ್ತಾ ಬರೆದಿದ್ದಾನೆ.

ಕಡಲಿನವರು ಹಾಗೆ ಉತ್ತರಿಸಿದರು, ಅಕ್ಷರ ಬಲ್ಲವರು ಬೇರೆ ಬಗೆಯಲ್ಲಿ ಉತ್ತರಿಸಿದರು. ಫಾರಸಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕೆ ಇದೆ. ಮಹಮೂದ್ ಎಂಬ ಹೆಸರಿನಲ್ಲಿ ಮೀಮ್ 40, ಹೇ 8, ಮತ್ತೆ ಮೀಮ್ 40, ವಾವ್ 6, ದಾಲ್ 4: ಒಟ್ಟು 98. ಗವಾನ್ ಎಂಬುದಕ್ಕೆ 78. ಅವನು ನಿರಪರಾಧಿ, ಹುತಾತ್ಮನಾದ ಎಂಬ ಅರ್ಥದ ಮೂರೇ ಪದಗಳನ್ನು ಈ ಹೆಸರಿಗೆ ಕೂಡಿಸಿದರು. ಎಲ್ಲ ಅಕ್ಷರಗಳನ್ನು ಲೆಕ್ಕ ಹಾಕಿದರೆ 886 ಬರುತ್ತದೆ. ಅದು ಅವನು ಸತ್ತ ಹಿಜರಿ ವರ್ಷ. ನಾನು ಒಂದೊಂದೇ ಅಂಕೆ ಬರೆದು ಕೂಡಿಸಿ ನೋಡಿದ್ದೇನೆ, ಒಂದೂ ಹೆಚ್ಚುಕಡಿಮೆಯಿಲ್ಲ. ಸುಲ್ತಾನನ ಆಸ್ಥಾನ ಕೊಡದ ತೀರ್ಪನ್ನು ಯಾರೋ ಒಬ್ಬ ಪಂಡಿತ ಇಸವಿಯೊಳಗೇ ಬರೆದಿಟ್ಟ. ದುಃಖವನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಕೆಲಸ ಆ ಗೋಡೆಯ ಬಿಲ್ಲೆಗಳಿಗೆ ಸರಿಸಮ.

ಮದರಸಾಕ್ಕೂ ಪೆಟ್ಟು ಬಿತ್ತು. ಔರಂಗಜೇಬ್ 1657ರಲ್ಲಿ ಬೀದರ್ ಗೆದ್ದ ಮೇಲೆ ಕಟ್ಟಡದ ಒಂದು ಭಾಗದಲ್ಲಿ ಮದ್ದುಗುಂಡು ತುಂಬಿದರು. ಆ ಶತಮಾನದ ಕೊನೆಯಲ್ಲಿ ಅದು ಸಿಡಿದು, ಒಂದು ಮಿನಾರು, ಮುಖ್ಯ ಬಾಗಿಲು, ಮುಂಭಾಗದ ಅರ್ಧ ಹಾರಿಹೋದವು. ಈಗ ನಿಂತಿರುವುದು ಒಂಟಿ ಮಿನಾರು. ಪುರಾತತ್ತ್ವ ಇಲಾಖೆ ಕಾಯುತ್ತಿದೆ. ಬಿಲ್ಲೆಗಳ ಮೇಲೆ ಕೈ ಸವರುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಬೀದರಿಗೆ ಬಂದವರು ಮದರಸಾ, ಕೋಟೆ, ಅಷ್ಟೂರಿನ ಗುಮ್ಮಟಗಳನ್ನು ನೋಡಿ ಹಿಂದಿರುಗುತ್ತಾರೆ. ಗವಾನನ ಸಮಾಧಿ ಊರಾಚೆ ಗೋರನಳ್ಳಿಯ ಹತ್ತಿರವಿದೆ. ಗುಮ್ಮಟವಿಲ್ಲ, ಬಣ್ಣದ ಬಿಲ್ಲೆಯಿಲ್ಲ, ಒಂದು ಸಾದಾ ಕಟ್ಟೆ ಅಷ್ಟೇ. ಭಾಲ್ಕಿ, ಔರಾದ್ ಕಡೆಯ ಶಾಲೆಗಳ ಮಾಸ್ತರರಲ್ಲಿ ನನ್ನದೊಂದು ಕೋರಿಕೆ: ಮಕ್ಕಳನ್ನು ಪ್ರವಾಸಕ್ಕೆ ಕರೆತಂದಾಗ ಗೋರನಳ್ಳಿಗೂ ಕರೆದೊಯ್ಯಿರಿ. ಹೋಗುವಾಗ ಒಂದು ನಕಾಶೆ ಜೊತೆಗಿರಲಿ. ದಾಭೋಳ ಎಲ್ಲಿದೆ, ಗೋವಾ ಎಲ್ಲಿದೆ, ಕೊಂಡಪಲ್ಲಿ ಎಲ್ಲಿದೆ ಎಂದು ಅವರ ಬೆರಳಿನಿಂದಲೇ ತೋರಿಸಿ.