ತೊಗರಿಯ ಕುಡಿ, ಐವತ್ತನೆಯ ದಿನ

ತೊಗರಿಯ ಕುಡಿ ಚಿವುಟಿದರೆ ಟಿಸಿಲು ಹೆಚ್ಚುತ್ತವೆ, ಟಿಸಿಲು ಹೆಚ್ಚಿದರೆ ಕಾಯಿ ಹೆಚ್ಚುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರಿಗೆ ಪ್ರತಿ ಮುಂಗಾರಿನಲ್ಲೂ ಕೃಷಿ ಇಲಾಖೆಯ ಕರಪತ್ರ ಹೇಳುವ ಮಾತಿದು. ಇದರ ಮೊದಲರ್ಧ ಗಟ್ಟಿ. ಎರಡನೆಯದು ಕೆಲವು ಹೊಲಗಳಲ್ಲಷ್ಟೇ ನಿಜವಾಗುತ್ತದೆ, ಯಾವ ಹೊಲದಲ್ಲಿ ಎಂಬುದನ್ನು ಕರಪತ್ರ ಹೇಳುವುದಿಲ್ಲ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಅಂಥ ಬೆಳೆಯ ವಿಚಾರದಲ್ಲಿ ಈ ಅರ್ಧ ಮಾತು ಸಾಲದು.

ಪದ್ಧತಿ ಸರಳ. ಬಿತ್ತಿದ 45ರಿಂದ 60 ದಿನಗಳ ನಡುವೆ ಗಿಡದ ತುದಿಯ ಐದಾರು ಸೆಂಟಿಮೀಟರ್ ಕುಡಿ ತೆಗೆಯಬೇಕು. ಕೈಯಿಂದ ಚಿವುಟುವುದು ಹೆಣ್ಣಾಳುಗಳ ಕೆಲಸ. ಈಗ ಎಣ್ಣಿ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪಿಗೇ ತಿರುಗುವ ಬ್ಲೇಡು ಜೋಡಿಸಿ ಸಾಲು ಸಾಲಾಗಿ ಸವರಿಕೊಂಡು ಹೋಗುತ್ತಾರೆ. ನಮ್ಮ ಸೀಮೆಗೆ ಇದೇನೂ ಹೊಸ ವಿದ್ಯೆಯಲ್ಲ. ಕಡ್ಲಿ ಹೊಲದಲ್ಲಿ ಹುಳಿ ಹುಳಿಯಾದ ಎಳೆ ಕುಡಿಯನ್ನು ಪಲ್ಯಕ್ಕೆಂದು ಮುರಿದು ತರುವ ರೂಢಿ ಹಳೆಯದು. ಮುರಿದ ಗಿಡ ಹರಡಿ ಬೆಳೆಯುವುದನ್ನು ಅಡುಗೆಮನೆಯವರು ಕೃಷಿ ಇಲಾಖೆಗಿಂತ ಮೊದಲೇ ಕಂಡಿದ್ದರು.

ಹಾಗೆ ಹರಡುವುದೇಕೆ ಎಂಬುದಕ್ಕೆ ಮೊದಲ ಸ್ಪಷ್ಟ ಉತ್ತರ ಬಂದದ್ದು 1933ರಲ್ಲಿ, ಅದೂ ಒಂದು ದ್ವಿದಳ ಗಿಡದಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಕೆನೆತ್ ಥೀಮನ್ ಮತ್ತು ಫೋಲ್ಕೆ ಸ್ಕೂಗ್ ಬಾಕ್ಲಾ ಅವರೆಯ ತುದಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಬೆಳವಣಿಗೆ ರಸವಾದ ಆಕ್ಸಿನ್ ಹಚ್ಚಿದರು. ತುದಿ ಹೋಗಿದ್ದರೂ ಪಕ್ಕದ ಮೊಗ್ಗುಗಳು ಮಲಗಿದಲ್ಲೇ ಇದ್ದವು. ಅಂದರೆ ಮೊಗ್ಗುಗಳನ್ನು ತಡೆಯುತ್ತಿದ್ದದ್ದು ಕುಡಿಯಲ್ಲ, ಕುಡಿಯಿಂದ ಇಳಿದು ಬರುವ ರಾಸಾಯನಿಕ.

ಆ ರಾಸಾಯನಿಕವನ್ನು ಜೀವಕೋಶ ಗುರುತಿಸುವುದು ಹೇಗೆಂದು ತಿಳಿಯಲು ಮತ್ತೆ ಎಪ್ಪತ್ತು ವರ್ಷ ಹಿಡಿಯಿತು. 2005ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿ ಟಿಐಆರ್1 ಎಂಬ ಗ್ರಾಹಕ ಪ್ರೋಟೀನನ್ನು ತೋರಿಸಿದವು. ಕೋಶಕೇಂದ್ರದಲ್ಲಿ ಕೆಲವು ಪ್ರೋಟೀನುಗಳು ಬೆಳವಣಿಗೆಯ ಜೀನುಗಳನ್ನು ಅದುಮಿ ಹಿಡಿದಿರುತ್ತವೆ. ಆಕ್ಸಿನ್ ಬಂದಾಗ ಅದು ಟಿಐಆರ್1ಕ್ಕೂ ಆ ಅದುಮುವ ಪ್ರೋಟೀನಿಗೂ ನಡುವೆ ಅಂಟಿನಂತೆ ಕೂರುತ್ತದೆ. ಅಂಟಿಕೊಂಡ ಪ್ರೋಟೀನಿಗೆ ನಾಶದ ಮುದ್ರೆ ಬೀಳುತ್ತದೆ, ಕೋಶವೇ ಅದನ್ನು ಚೂರು ಮಾಡುತ್ತದೆ, ಜೀನುಗಳು ಬಿಡುಗಡೆಯಾಗುತ್ತವೆ. ಆಕ್ಸಿನ್ ಹೊಸದಾಗಿ ಏನನ್ನೂ ಕಟ್ಟುವುದಿಲ್ಲ, ಇದ್ದ ತಡೆಯನ್ನು ತೆಗೆಯುತ್ತದೆ ಅಷ್ಟೆ.

ಹಾಗಾದರೆ ಬೆಳೆಸುವ ರಸವೇ ಪಕ್ಕದ ಮೊಗ್ಗನ್ನು ತಡೆಯುವುದು ಹೇಗೆ? ಆಕ್ಸಿನ್ ಆ ಮೊಗ್ಗಿನೊಳಕ್ಕೆ ಹೋಗುವುದೇ ಇಲ್ಲ. ಕಾಂಡದಲ್ಲಿ ಇಳಿಯುತ್ತಲೇ ಮೊಗ್ಗನ್ನು ಎಬ್ಬಿಸುವ ಸೈಟೊಕೈನಿನ್ ತಯಾರಿಯನ್ನು ತಗ್ಗಿಸುತ್ತದೆ, ಮಲಗಿಸುವ ಸ್ಟ್ರೈಗೊಲ್ಯಾಕ್ಟೋನನ್ನು ಹೆಚ್ಚಿಸುತ್ತದೆ. ಕುಡಿ ಚಿವುಟಿದಾಗ ಈ ತಕ್ಕಡಿ ತಿರುಗುತ್ತದೆ. ಕರಪತ್ರಗಳು ಇಷ್ಟಕ್ಕೇ ನಿಲ್ಲುತ್ತವೆ, ನಿಂತರೂ ತಪ್ಪೇನಿರಲಿಲ್ಲ. ಆದರೆ 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಟಾಣಿ ಗಿಡದಲ್ಲಿ ಕಂಡದ್ದು ಇಡೀ ವಾದಕ್ಕೆ ಹೊಸ ತಿರುವು ಕೊಟ್ಟಿತು. ಆಕ್ಸಿನ್ ಇಳಿಯುವ ವೇಗ ಗಂಟೆಗೆ ಸುಮಾರು 1 ಸೆಂ.ಮೀ. ಕೆಳಗಿನ ಮೊಗ್ಗುಗಳೋ ತುದಿ ಕತ್ತರಿಸಿದ ಕೆಲವೇ ಗಂಟೆಗಳಲ್ಲಿ, ಆಕ್ಸಿನ್ ಕಡಿಮೆಯಾದ ಪರಿಣಾಮ ಅಲ್ಲಿಗೆ ತಲುಪುವ ಮೊದಲೇ, ಎದ್ದಿದ್ದವು. ಅವನ್ನು ಎಬ್ಬಿಸಿದ್ದು ಸಕ್ಕರೆ. ತುದಿ ತಿನ್ನುತ್ತಿದ್ದ ಪಾಲು ಉಳಿದು, ಗಂಟೆಗೆ ಮೀಟರಿಗೂ ಮಿಕ್ಕಿದ ವೇಗದಲ್ಲಿ ಮೊಗ್ಗುಗಳಿಗೆ ಹರಿದಿತ್ತು.

ಬಟಾಣಿಯ ಈ ಪಾಠ ತೊಗರಿಗೂ ಹೊಂದುವುದಾದರೆ ನಮ್ಮ ಪದ್ಧತಿಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಚಿವುಟುವುದರಿಂದ ಗಿಡಕ್ಕೆ ಹೊಸ ಶಕ್ತಿ ಬರುವುದಿಲ್ಲ, ಇರುವ ಸಕ್ಕರೆ ಬೇರೆ ಕಡೆ ಹಂಚಿಹೋಗುತ್ತದೆ. ಎಲೆಯಲ್ಲಿ ಸಕ್ಕರೆಯೇ ತಯಾರಾಗದಿದ್ದರೆ ಹಂಚುವುದೇನನ್ನು? ಜುಲೈ, ಆಗಸ್ಟಿನ ಜಡಿಮಳೆಗೆ ನೀರು ನಿಂತು ಹಳದಿ ತಿರುಗಿದ ಎರೆಹೊಲದಲ್ಲೂ, ಕಾರ್ಖಾನೆಯ ಸಿಮೆಂಟ್ ಧೂಳು ಎಲೆಯ ಮೇಲೆ ಪದರುಗಟ್ಟುವ ಹೊಲದಲ್ಲೂ ಮಾಡುವ ಚಿವುಟುವಿಕೆ ಬರಿಯ ಗಾಯ.

ಈ ಪದ್ಧತಿಯ ದೊಡ್ಡ ದೋಷ ಅದರ ದಿನಗಣನೆ. ತೊಗರಿ ದಿನ ಎಣಿಸುವ ಗಿಡವಲ್ಲ, ಇರುಳನ್ನು ಅಳೆಯುವ ಗಿಡ. ಹಗಲು ಕುಗ್ಗಿದಂತೆ ಅದು ಹೂವಿಗೆ ತಿರುಗುತ್ತದೆ. ಕಲಬುರಗಿಯಲ್ಲಿ ಜೂನ್ ಕೊನೆಯಲ್ಲಿ 13 ಗಂಟೆಗೂ ಹೆಚ್ಚಿರುವ ಹಗಲು ಡಿಸೆಂಬರಿಗೆ 11ರ ಆಸುಪಾಸಿಗೆ ಬರುತ್ತದೆ. ಜೂನಿನಲ್ಲಿ ಬಿತ್ತಿದ ಗಿಡಕ್ಕೆ ಐವತ್ತನೆಯ ದಿನ ಇನ್ನೂ ಬಾಲ್ಯ. ಮಳೆ ಕೈಕೊಟ್ಟು ಆಗಸ್ಟಿನಲ್ಲಿ ಬಿತ್ತಿದ್ದಕ್ಕೆ ಅದೇ ಐವತ್ತನೆಯ ದಿನ ಮೊಗ್ಗಿನ ಹೊಸ್ತಿಲು. ಆಗ ಕುಡಿ ತೆಗೆದರೆ ಹೊಸ ಟಿಸಿಲಿಗೆ ಬಲಿಯಲು ಹೊತ್ತಿಲ್ಲ. ಎರಡಕ್ಕೂ ಒಂದೇ ದಿನಾಂಕ ಹೇಳುವುದು ಸಲಹೆಯಲ್ಲ, ಸುತ್ತೋಲೆ.

ಮಣ್ಣಿನ ಮಾತೂ ಇದೆ. ಸೇಡಂನ ಆಳವಾದ ಎರೆಭೂಮಿ ನವೆಂಬರಿನಲ್ಲೂ ತೇವ ಹಿಡಿದಿರುತ್ತದೆ. ವಾಡಿ, ಶಹಾಬಾದ ಸುತ್ತ ಎಷ್ಟೋ ಕಡೆ ನೇಗಿಲಿನ ತುಸು ಕೆಳಗೇ ಪರ್ಸಿ ಕಲ್ಲು ಸಿಗುತ್ತದೆ, ತೇವ ಬೇಗ ಆರುತ್ತದೆ. ಬೇರಿಗೆ ಬಾಯಾರಿದ ಸುದ್ದಿ ಎಲೆಗೆ ಮುಟ್ಟುವ ಬಗೆಯನ್ನು 2018ರಲ್ಲಿ ಜಪಾನಿನ ವಿಜ್ಞಾನಿಗಳು ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ತೋರಿಸಿದರು. ಸಿಎಲ್‌ಇ25 ಎಂಬ ಚಿಕ್ಕ ಪೆಪ್ಟೈಡ್ ಬೇರಿನಿಂದ ಎಲೆಗೇರಿ ಅಲ್ಲಿನ ಗ್ರಾಹಕಕ್ಕೆ ತಾಗುತ್ತದೆ, ಎಲೆ ಅಬ್ಸಿಸಿಕ್ ಆಮ್ಲ ತಯಾರಿಸುತ್ತದೆ, ಪತ್ರರಂಧ್ರಗಳು ಮುಚ್ಚುತ್ತವೆ. ಮುಚ್ಚಿದ ರಂಧ್ರದ ಮೂಲಕ ಇಂಗಾಲದ ಡೈಆಕ್ಸೈಡ್ ಒಳಬರುವುದಿಲ್ಲ, ಸಕ್ಕರೆಯೂ ನಿಲ್ಲುತ್ತದೆ. ಕಲ್ಲು ಹೊಲದಲ್ಲಿ ಟಿಸಿಲು ಹೆಚ್ಚಿಸುವುದೆಂದರೆ ನೀರು ಕೇಳುವ ಎಲೆಗಳನ್ನು ಹೆಚ್ಚಿಸಿದಂತೆ. ಅಲ್ಲಿ ನಾನಾದರೆ ಚಿವುಟುವುದಿಲ್ಲ, ಸಾಲು ಅಗಲ ಮಾಡುತ್ತೇನೆ.

ಮುಂದೆ ಹೂವಿನ ಕಾಲ. ಬಿಟ್ಟ ಹೂಗಳಲ್ಲಿ ಬಹುಪಾಲು ಉದುರುವುದು ತೊಗರಿಯ ಹುಟ್ಟುಗುಣ, ಮಂಜು ಬಿದ್ದರೆ ರೈತನ ಎದೆ ಇನ್ನಷ್ಟು ನಡುಗುತ್ತದೆ. ಹೂತೊಟ್ಟಿನ ಬುಡದ ಒಂದು ಪಟ್ಟಿಯಲ್ಲಿ ಆಕ್ಸಿನ್ ಹರಿಯುವವರೆಗೂ ತೊಟ್ಟು ಗಟ್ಟಿ. ಹರಿವು ತಗ್ಗಿದರೆ ಅಲ್ಲಿನ ಕೋಶಗಳು ಎಥಿಲೀನ್ ಅನಿಲಕ್ಕೆ ಕಿವಿಗೊಟ್ಟು ಪರಸ್ಪರ ಬಿಡಿಸಿಕೊಳ್ಳುತ್ತವೆ. ಎಥಿಲೀನಿನ ಗ್ರಾಹಕ 1993ರಲ್ಲಿ ಗೊತ್ತಾಯಿತು. ಅದರ ನಡತೆ ತಲೆಕೆಳಗು: ಅನಿಲ ಇಲ್ಲದಾಗ ಅದು ಕೆಲಸ ಮಾಡುತ್ತಾ ಪರಿಣಾಮವನ್ನು ತಡೆಯುತ್ತದೆ, ಅನಿಲ ತಾಗಿದಾಗ ಸುಮ್ಮನಾಗುತ್ತದೆ. ಗೊಬ್ಬರದಂಗಡಿಯ ಟಾನಿಕ್ ಬಾಟಲಿಗಳಿಗೆ ಈ ಸೂಕ್ಷ್ಮದ ಗೊಡವೆಯಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅವಕ್ಕಿಂತ ಎಷ್ಟೋ ಮೇಲು. ರಂಜಕದಂಥ ಪೋಷಕಾಂಶಗಳ ಜೊತೆ ಅತ್ಯಲ್ಪ ಪ್ರಮಾಣದ ಬೆಳವಣಿಗೆ ಪ್ರಚೋದಕ ಅದರಲ್ಲಿದೆ, ಹೂವಿನ ಹೊತ್ತಿಗೆ ಸಿಂಪಡಿಸುತ್ತಾರೆ. ನನ್ನ ತಕರಾರು ಒಂದೇ. ಎಲ್ಲವೂ ಒಂದೇ ಪೊಟ್ಟಣದಲ್ಲಿದ್ದಾಗ ಹೂ ನಿಲ್ಲಿಸಿದ್ದು ರಂಜಕವೋ ಪ್ರಚೋದಕವೋ ರೈತನಿಗೆ ಎಂದೂ ತಿಳಿಯದು, ಆದ್ದರಿಂದ ಯಾವುದನ್ನು ಬಿಡಬಹುದೆಂದೂ ತಿಳಿಯದು.

ಪಂಪಿನ ಬಗ್ಗೆಯಂತೂ ಖಂಡಿತ ಎಚ್ಚರಿಕೆ ಬೇಕಿತ್ತು. ಜೋಳದ ಹೊಲದಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಕೂಡ ಟಿಐಆರ್1 ಬಳಗದ ಗ್ರಾಹಕಗಳಿಗೇ ಕೂರುತ್ತದೆ. ಸಹಜ ಆಕ್ಸಿನನ್ನು ಕೋಶ ಬೇಗ ಕರಗಿಸಿಕೊಳ್ಳುತ್ತದೆ, 2,4-ಡಿಯನ್ನು ಹಾಗೆ ಕರಗಿಸಲಾರದು. ಸಂದೇಶ ನಿಲ್ಲದೆ ಗಿಡ ತಿರುಚಿಕೊಂಡು ಸಾಯುತ್ತದೆ. ತೊಗರಿಯೂ ಅಗಲ ಎಲೆಯದೇ. ಸರಿಯಾಗಿ ತೊಳೆಯದ ಪಂಪಿನಲ್ಲಿ ಉಳಿದ ಕೊಂಚ ಸಾಕು. ಕುಡಿಯ ಬಗ್ಗೆ ಅಷ್ಟು ಹೇಳುವ ಕರಪತ್ರಗಳು ಪಂಪು ತೊಳೆಯುವುದಕ್ಕೂ ಒಂದು ಸಾಲು ಕೊಡಬಹುದು.

ಬ್ಲೇಡು ಕೂಲಿ ಉಳಿಸುತ್ತದೆ, ಹೆಣ್ಣಾಳು ಸಿಗದ ಕಾಲದಲ್ಲಿ ಅದನ್ನು ಹಳಿಯಲಾಗದು. ಆದರೆ ಅದು ಒಂದೇ ಎತ್ತರಕ್ಕೆ ಸವರುತ್ತದೆ. ಗಿಡ್ಡ ಗಿಡ ತಪ್ಪಿಸಿಕೊಳ್ಳುತ್ತದೆ, ಎತ್ತರದ್ದು ಅಂಗೈ ಅಗಲ ಕಳೆದುಕೊಳ್ಳುತ್ತದೆ. ಕೈ ಗಿಡ ನೋಡಿ ಚಿವುಟುತ್ತಿತ್ತು. ಮಳೆ ಚೆನ್ನಾಗಿ ಬಿದ್ದು ಹೊತ್ತಿಗೆ ಬಿತ್ತಿದ ಎರೆಹೊಲದಲ್ಲಿ ಈ ಕುಂದನ್ನು ಗಿಡವೇ ತುಂಬಿಕೊಳ್ಳುತ್ತದೆ, ಅಲ್ಲಿ ಯಂತ್ರ ನಡೆಯಲಿ. ಉಳಿದ ಕಡೆ ಹೊಲದ ಒಂದು ಮಗ್ಗುಲಲ್ಲಿ ನಾಲ್ಕು ಸಾಲು ಚಿವುಟದೆ ಬಿಟ್ಟು, ರಾಶಿ ಮಾಡುವಾಗ ಅದನ್ನೂ ಪಕ್ಕದ ನಾಲ್ಕು ಸಾಲನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ ತೂಗಬೇಕು. ಮುಂದಿನ ಮುಂಗಾರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಕರಪತ್ರ ಕೈಗೆ ಬಂದಾಗ ಆ ಎರಡು ತೂಕ ಅದರ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬಹುದು.