ನಾಲ್ಕು ಪೆಟ್ಟು, ಮೂರು ಪಿಟೀಲು

ಬೀಥೋವನ್‌ನ ಪಿಟೀಲು ಕಾನ್ಸರ್ಟೊ ಶುರುವಾಗುವುದು ಪಿಟೀಲಿನಿಂದಲ್ಲ. ಟಿಂಪನಿಯ ಮೇಲೆ ನಾಲ್ಕು ಮೆತ್ತನೆಯ ಪೆಟ್ಟು. ಐದನೆಯದರ ಜೊತೆಗೆ ಓಬೋ ಮತ್ತಿತರ ಊದುವ ವಾದ್ಯಗಳು. ಆಮೇಲೆ ಸುಮಾರು ಮೂರು ನಿಮಿಷ ವಾದ್ಯವೃಂದದ್ದೇ ಮಾತು. ಅಷ್ಟು ಹೊತ್ತು ಮುಖ್ಯ ವಾದಕ ಪಿಟೀಲು ಹಿಡಿದು ಸುಮ್ಮನೆ ನಿಂತಿರಬೇಕು.

1806ರ ಡಿಸೆಂಬರ್ 23ರಂದು ವಿಯೆನ್ನಾದಲ್ಲಿ ಫ್ರಾಂಜ್ ಕ್ಲೆಮೆಂಟ್ ಇದನ್ನು ಮೊದಲು ನುಡಿಸಿದ. ಕೃತಿ ಬಹುಕಾಲ ಮೂಲೆಯಲ್ಲೇ ಉಳಿಯಿತು. 1844ರಲ್ಲಿ ಲಂಡನ್ನಿನಲ್ಲಿ ಮೆಂಡೆಲ್‌ಸನ್ನನ ನಿರ್ದೇಶನದಲ್ಲಿ ಹನ್ನೆರಡು ವರ್ಷದ ಯೋಆಖಿಮ್ ನುಡಿಸಿದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಅದೇ ಲಂಡನ್ನಿನಲ್ಲಿ ಲೆಕ್ಕಪತ್ರ ನೋಡಿಕೊಂಡಿರುವ ನಾನು ಈ ಕೃತಿಯ ಹಲವು ಧ್ವನಿಮುದ್ರಣಗಳನ್ನು ಕೂಡಿಹಾಕಿದ್ದೇನೆ. ಅವುಗಳಲ್ಲಿ ಮತ್ತೆ ಮತ್ತೆ ಕೇಳುವುದು ಮೂರನ್ನು.

ಮೊದಲನೆಯದು ಹೈಫೆಟ್ಸ್, 1955, ಚಾರ್ಲ್ಸ್ ಮುನ್ಶ್ ನಿರ್ದೇಶನದ ಬಾಸ್ಟನ್ ಸಿಂಫನಿಯೊಂದಿಗೆ. ಮೊದಲ ಭಾಗಕ್ಕೆ ಇತರರು ಇಪ್ಪತ್ನಾಲ್ಕು ನಿಮಿಷದ ಆಸುಪಾಸು ತೆಗೆದುಕೊಂಡರೆ ಇವರು ಸುಮಾರು ಇಪ್ಪತ್ತರಲ್ಲೇ ಮುಗಿಸುತ್ತಾರೆ. ಮೈಸೂರಿನಿಂದ ಬಂದಿದ್ದ ಅಪ್ಪನಿಗೆ ಒಮ್ಮೆ ಕೇಳಿಸಿದೆ. ಅಪ್ಪ ಚಿಕ್ಕಂದಿನಲ್ಲಿ ಪಿಟೀಲು ಕಲಿತವರು, ಚೌಡಯ್ಯನವರ ಭಕ್ತರು. "ಕೈ ಬಂಗಾರ ಕಣೋ. ಆದ್ರೆ ಎಲ್ಲೂ ಒಂದು ಕ್ಷಣ ಕೂತ್ಕೊಳ್ಳಲ್ಲ" ಎಂದರು. ಹೈಫೆಟ್ಸ್ ತಣ್ಣಗಿನವರು ಎಂದು ನಾನೂ ಅಲ್ಲಿ ಇಲ್ಲಿ ಓದಿದ್ದೆ. ಅಪ್ಪನ ಮಾತು ಸೇರಿ ತೀರ್ಪು ಗಟ್ಟಿಯಾಯಿತು. ಆಡಿಟ್‌ನಲ್ಲಿ ಹೀಗೆ ಇನ್ನೊಬ್ಬರ ಮಾತಿನ ಮೇಲೆ ಸಹಿ ಹಾಕಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ವರ್ಷಗಳ ನಂತರ ಮೊದಲ ಭಾಗದ ನಡುವೆ ಬರುವ ಜಿ ಮೈನರ್ ಘಟ್ಟವನ್ನಷ್ಟೇ ಹಾಕಿ ಕೇಳಿದೆ. ಅಲ್ಲಿ ಪಿಟೀಲು ಒಂಟಿಯಾಗಿ ಕೊರಗುತ್ತದೆ. ಕೆಳಗೆ ಹಾರ್ನ್‌ಗಳು ಆರಂಭದ ಆ ಪೆಟ್ಟುಗಳನ್ನೇ ಪಿಸುಮಾತಿನಲ್ಲಿ ಹೇಳುತ್ತವೆ. ಹೆಚ್ಚಿನವರು ಇಲ್ಲಿ ನಡೆ ನಿಧಾನಿಸುತ್ತಾರೆ. ಹೈಫೆಟ್ಸ್ ಹೆಚ್ಚು ಬಗ್ಗುವುದಿಲ್ಲ. ದುಃಖವಿದೆ, ಕಾಲ ಮಾತ್ರ ನಿಲ್ಲುವುದಿಲ್ಲ. ಅದು ತಣ್ಣಗಿನದಲ್ಲ, ಬಿಗಿಹಿಡಿದದ್ದು. ನನ್ನ ಹಳೆಯ ತೀರ್ಪನ್ನು ಇಲ್ಲಿ ವಾಪಸು ಪಡೆಯುತ್ತೇನೆ.

ಎರಡನೆಯದು 1953ರ ಮೆನುಹಿನ್. ನಿರ್ದೇಶಕ ಫುರ್ಟ್‌ವೆಂಗ್ಲರ್, ವಾದ್ಯವೃಂದ ಲಂಡನ್ನಿನ ಫಿಲ್ಹಾರ್ಮೋನಿಯಾ. ಕನ್ನಡಿಗರಿಗೆ ಇಲ್ಲೊಂದು ನಂಟಿದೆ: ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರ್. ಇದೇ ವಾದ್ಯವೃಂದ 1950ರಲ್ಲಿ ಇದೇ ನಿರ್ದೇಶಕನ ಕೈಯಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಬಾರಿಗೆ ನುಡಿಸಿದ್ದೂ ಅವರ ನೆರವಿನಿಂದಲೇ.

ಇಲ್ಲಿ ಜಿ ಮೈನರ್ ಘಟ್ಟ ಬೇರೆಯೇ ಲೋಕ. ವಾದ್ಯವೃಂದ ಉಸಿರು ಬಿಗಿಹಿಡಿಯುತ್ತದೆ. ಮೆನುಹಿನ್ನರ ನಾದ ಕೆಲವೆಡೆ ನಡುಗುತ್ತದೆ, ಆ ನಡುಕವೇ ಮನಸ್ಸಿಗೆ ತಾಗುತ್ತದೆ. ಆದರೆ ಶಾಲೆಯಲ್ಲಿ ಯುದ್ಧದ ಇತಿಹಾಸ ಓದುತ್ತಿದ್ದ ಮಗಳು ಒಂದು ಸಂಜೆ ಕೇಳಿದಳು: "ಹಿಟ್ಲರ್ ಕಾಲದಲ್ಲಿ ಜರ್ಮನಿಯಲ್ಲೇ ಇದ್ದೋರಲ್ವಾ ಇವ್ರು? ಮೆನುಹಿನ್ ಯಹೂದಿ. ಹೇಗೆ ಒಪ್ಕೊಂಡ್ರು, ಅಪ್ಪಾ?" 1947ರಲ್ಲೇ ಮೆನುಹಿನ್ ಬರ್ಲಿನ್ನಿಗೆ ಹೋಗಿ ಅವರೊಂದಿಗೆ ನುಡಿಸಿದ್ದರು. ರಾಜಿಯಾಗಬೇಕೆಂಬುದು ಅವರ ನಂಬಿಕೆ. ಅವರ ಜನರಲ್ಲೇ ಹಲವರಿಗೆ ಅದು ಸಹಿಸಲಾಗಲಿಲ್ಲ. ಆ ಸಿಟ್ಟು ಅನ್ಯಾಯದ್ದೆಂದು ಹೇಳಲು ನಾನ್ಯಾರು? ಒಂದು ಖಾತೆಯ ಜಮೆಯಿಂದ ಇನ್ನೊಂದು ಖಾತೆಯ ಸಾಲ ತೀರುವುದಿಲ್ಲ. ಸಂಗೀತ ಚೆನ್ನಾಗಿದೆ ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ, ಎಂದೆ. ಮಗಳು ಒಪ್ಪಿದಳೋ ಇಲ್ಲವೋ. ಅಂದಿನಿಂದ ಈ ಮುದ್ರಣವನ್ನು ಹಿನ್ನೆಲೆಗೆ ಹಾಕಿಕೊಂಡು ಅಡುಗೆ ಮಾಡುವುದನ್ನು ಬಿಟ್ಟಿದ್ದೇನೆ. ಕೇಳಿದರೆ ಕೂತು ಕೇಳುತ್ತೇನೆ.

ಮೂರನೆಯದು ವುಲ್ಫ್‌ಗಾಂಗ್ ಷ್ನೈಡರ್‌ಹಾನ್, 1962, ಯೋಖುಮ್ ನಿರ್ದೇಶನದ ಬರ್ಲಿನ್ ಫಿಲ್ಹಾರ್ಮೋನಿಕ್. ಇದರ ವಿಶೇಷ ಕೆಡೆನ್ಜಾದಲ್ಲಿ, ಅಂದರೆ ವಾದ್ಯವೃಂದ ನಿಂತು ವಾದಕನೊಬ್ಬನೇ ನುಡಿಸುವ ಜಾಗದಲ್ಲಿ. ಪಿಟೀಲಿಗೆಂದು ಬೀಥೋವನ್ ಕೆಡೆನ್ಜಾ ಬರೆದಿಡಲಿಲ್ಲ. ಮೆನುಹಿನ್ ಕ್ರೈಸ್ಲರ್ ಬರೆದದ್ದನ್ನು ನುಡಿಸುತ್ತಾರೆ. ಆದರೆ ಇದೇ ಕೃತಿಯನ್ನು ಪಿಯಾನೋಗೆ ಹೊಂದಿಸಿದಾಗ ಬೀಥೋವನ್ ತಾನೇ ಒಂದನ್ನು ಬರೆದ, ಅದರಲ್ಲಿ ಟಿಂಪನಿಯನ್ನೂ ಸೇರಿಸಿದ. ಷ್ನೈಡರ್‌ಹಾನ್ ಅದನ್ನು ಪಿಟೀಲಿಗೆ ತಿರುಗಿಸಿಕೊಂಡರು. ಆ ಘಟ್ಟ ಬಂದಾಗ ಅಪ್ಪ ನೆಟ್ಟಗೆ ಕೂತು ತೊಡೆಯ ಮೇಲೆ ತಾಳ ಹಾಕತೊಡಗಿದರು. "ಅಂತೂ ಪಕ್ಕವಾದ್ಯದವ್ರಿಗೂ ಒಂದು ಅವಕಾಶ ಕೊಟ್ರಲ್ಲ!"

ಕೆಡೆನ್ಜಾ ಮುಗಿದೊಡನೆ, ತಂತಿಗಳನ್ನು ಮೆಲ್ಲನೆ ಬೆರಳಿನಿಂದ ಮೀಟುವ ವಾದ್ಯವೃಂದದ ಮೇಲೆ ಪಿಟೀಲು ಎರಡನೆಯ ಸ್ವರಮಾಲೆಯನ್ನು ತಗ್ಗಿನ ತಂತಿಗಳಲ್ಲಿ ಹಾಡುತ್ತದೆ. ಅಷ್ಟು ಹೊತ್ತಿನ ಟಿಂಪನಿಯ ಗದ್ದಲದ ನಂತರ ಷ್ನೈಡರ್‌ಹಾನ್ ಅದನ್ನು ಯಾವ ಅಲಂಕಾರವೂ ಇಲ್ಲದೆ, ಮನೆಗೆ ಮರಳಿದವರಂತೆ ನುಡಿಸುತ್ತಾರೆ. ಈ ಕೃತಿಯನ್ನು ಹೊಸದಾಗಿ ಕೇಳುವವರಿಗೆ ನಾನು ಕೊಡುವುದು ಇದನ್ನೇ. ಇದರಲ್ಲಿ ವಾದಕನಿಗಿಂತ ಕೃತಿ ಮುಂದೆ ಕಾಣುತ್ತದೆ. ಹೈಫೆಟ್ಸ್ ಎರಡನೆಯ ಸಲಕ್ಕಿರಲಿ. ಮೆನುಹಿನ್‌ಗೆ ಬಿಡುವಾದ ಒಂದು ಸಂಜೆಯನ್ನೇ ಎತ್ತಿಡಿ.

ಅಪ್ಪ ಈಗ ಮೈಸೂರಿನಿಂದ ಫೋನ್ ಮಾಡಿದಾಗ ಕೇಳುವುದು ಒಂದೇ: "ಆ ಟಿಂಪನಿಯವ್ನದ್ದು ಕಳ್ಸು." ಹೈಫೆಟ್ಸ್ ಅನ್ನೂ ಜೊತೆಗೆ ಕಳಿಸಿದ್ದೇನೆ. ಇನ್ನೂ ಕೇಳಿಲ್ಲವಂತೆ.