ಖಾಲಿ ಚೌಕ, ಎರಡು ಈಕ್ವಲ್

ಅಮರಗೋಳ ಎಪಿಎಂಸಿಯ ಹತ್ತಿ ವ್ಯಾಪಾರಿಯೊಬ್ಬರಿಗೆ ನಾನು ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ ಒಂದು ಸಂಜೆ ಕೆಲವು ಲಾಟ್‌ಗಳಿಗೆ ಸೊನ್ನೆ ರೂಪಾಯಿ ಬಿಲ್ ಹಾಕಿತು. ರಾತ್ರಿ ಕೂತು ಹುಡುಕಿದೆವು. ಜೊತೆಗಿದ್ದ ಹುಡುಗ ಪರದೆಯ ಮೇಲೆ ಬೆರಳಿಟ್ಟ: "ಸರ್ರ, ತೂಕ ಹಾಕದ ಬಿಟ್ಟಿದ್ದನ್ನ ಇದು ಸೊನ್ನೆ ಅಂತ ತಿಳಕೊಂಡೈತ್ರಿ."

ತೂಕ ಸೊನ್ನೆಯಾದರೆ ಲಾಟ್ ರದ್ದು ಎಂದು ಬರೆದಿದ್ದೆ, ನಡುವೆ ಎರಡೇ ಈಕ್ವಲ್ ಹಾಕಿ. ಎರಡು ಈಕ್ವಲ್ ಇದ್ದರೆ ಜಾವಾಸ್ಕ್ರಿಪ್ಟ್ ಎರಡೂ ಕಡೆಯದನ್ನು ಹೇಗಾದರೂ ಸರಿದೂಗಿಸಲು ನೋಡುತ್ತದೆ. ಖಾಲಿ ಚೌಕವೂ ಸೊನ್ನೆಯೂ ಅದಕ್ಕೆ ಒಂದೇ. ಮೂರು ಹಾಕಿದ್ದರೆ ಬೇರೆ ಬೇರೆ.

ಇದನ್ನು ಹಿಡಿಯುವ ನಿಯಮ ಇಎಸ್‌ಲಿಂಟ್‌ನಲ್ಲಿದೆ. ನಿಕೊಲಸ್ ಝಕಾಸ್ 2013ರಲ್ಲಿ ಶುರುಮಾಡಿದ ಸಾಧನ ಅದು. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗೆ ಬರೆದ 'ಲಿಂಟ್' ಇದರ ಹಿರಿಯಣ್ಣ. ಬಟ್ಟೆಗೆ ಅಂಟುವ ನೂಲಿನ ಎಳೆಯಿಂದ ಬಂದ ಹೆಸರು, ಹತ್ತಿಯ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಉಳಿದ ನಾಲ್ಕು ಪ್ರಾಜೆಕ್ಟ್‌ಗಳಲ್ಲಿ ಆ ನಿಯಮ ಇತ್ತು. ಇದರಲ್ಲಿ ಮಾತ್ರ ಯಾವುದೋ ಹಳೆಯ ಕಾನ್ಫಿಗ್ ಫೈಲನ್ನು ಕಾಪಿ ಮಾಡಿದ್ದೆ.

ಬೆಂಗೇರಿಯಲ್ಲಿ ಖಾದಿ ಸಂಘದವರು ರಾಷ್ಟ್ರಧ್ವಜ ತಯಾರಿಸುವುದನ್ನು ನೋಡಿದವರಿಗೆ ನನ್ನ ತಪ್ಪು ಗೊತ್ತಾಗುತ್ತದೆ. ಮೇಜಿನ ಮೇಲಿನ ಪುಟ್ಟ ಧ್ವಜವಿರಲಿ, ಕೋಟೆಯ ಮೇಲಿನದಿರಲಿ, ಉದ್ದಗಲ 3:2, ಚಕ್ರಕ್ಕೆ 24 ಕಡ್ಡಿ. ನೇಯುವವರು, ಹೊಲಿಯುವವರು ಬೇರೆ ಬೇರೆ. ಅಳತೆ ಒಂದೇ ಕಡೆ ಬರೆದಿಟ್ಟದ್ದು.

ಈಗ ನಮ್ಮಲ್ಲೂ ಹಾಗೆ. ನಿಯಮಗಳದ್ದೇ ಒಂದು ಎನ್‌ಪಿಎಂ ಪ್ಯಾಕೇಜ್, ಐದೂ ಪ್ರಾಜೆಕ್ಟ್ ಅದನ್ನೇ ತರಿಸಿಕೊಳ್ಳುತ್ತವೆ. 2024ರ ಒಂಬತ್ತನೆಯ ಆವೃತ್ತಿಯಿಂದ ಇಎಸ್‌ಲಿಂಟ್‌ನ ಕಾನ್ಫಿಗ್ ಸಾಮಾನ್ಯವಾಗಿ ಒಂದು ಸರಳ ಪಟ್ಟಿ: ಮೊದಲು ಹಂಚಿಕೊಂಡದ್ದು, ಕೊನೆಗೆ ಆಯಾ ಪ್ರಾಜೆಕ್ಟಿನದು, ಎರಡೂ ತಾಕಲಾಡಿದರೆ ಕೊನೆಯದೇ ಗೆಲ್ಲುತ್ತದೆ. ಹಳೆಯ ಪದ್ಧತಿಯಲ್ಲಿ ಯಾವ ನಿಯಮ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ಮಧ್ಯಾಹ್ನ ಹೋಗುತ್ತಿತ್ತು.

ಸ್ಪೇಸ್, ಸೆಮಿಕೋಲನ್, ಕೋಟ್ ಗುರುತಿನ ಗೊಡವೆ ಪ್ಯಾಕೇಜಿಗೆ ಬೇಡ. ಅದನ್ನು ಪ್ರಿಟಿಯರ್ ನೋಡಿಕೊಳ್ಳಲಿ. ಇಎಸ್‌ಲಿಂಟ್‌ನವರೇ 2023ರಲ್ಲಿ ಅಂಥ ನಿಯಮಗಳಿಂದ ಕೈತೊಳೆದುಕೊಂಡರು, ಒಳ್ಳೆಯದೇ ಆಯಿತು. ತಪ್ಪು ಹಿಡಿಯುವ ನಿಯಮಗಳಷ್ಟೇ ಇರಲಿ, ಪ್ರತಿಯೊಂದರ ಪಕ್ಕ ಕಾರಣವೂ ಇರಲಿ. ಕಾರಣ ಕಾಣದ ನಿಯಮವನ್ನು ಹೊಸ ಹುಡುಗರು ಗಡಿಬಿಡಿಯಲ್ಲಿ ಆಫ್ ಮಾಡಿಬಿಡುತ್ತಾರೆ, ಅವರನ್ನು ಬೈಯಲಾರೆ. ಒಂದು ಸಾಲಿಗೆ ನಿಜಕ್ಕೂ ವಿನಾಯಿತಿ ಬೇಕಿದ್ದರೆ, ಆಫ್ ಮಾಡುವ ಕಾಮೆಂಟಿನಲ್ಲಿ ಎರಡು ಅಡ್ಡಗೆರೆ ಹಾಕಿ ಏಕೆಂದು ಬರೆಯಬಹುದು. ನಮ್ಮಲ್ಲಿ ಬರೆಯಲೇಬೇಕು.

ಹೊಸ ನಿಯಮ ಮೊದಲು ವಾರ್ನಿಂಗ್ ಆಗಿ ಬರುತ್ತದೆ. ನಿನ್ನೆ ಪಾಸಾದ ಕೋಡ್ ಇಂದು ಫೇಲಾದರೆ ಜನ ಸಾಧನವನ್ನೇ ದ್ವೇಷಿಸುತ್ತಾರೆ. ಹಳೆಯ ಸಾಲುಗಳು ಸರಿಯಾದ ಮೇಲೆ ಅದನ್ನು ಎರರ್ ಮಾಡಿ ಪ್ಯಾಕೇಜಿನ ಮೇಜರ್ ಆವೃತ್ತಿ ಏರಿಸುತ್ತೇವೆ. ಮೂರು ಈಕ್ವಲ್ಲಿನ ನಿಯಮ ಮಾತ್ರ ಮೊದಲ ದಿನದಿಂದಲೇ ಎರರ್. ಪಕ್ಕದ ಕಾರಣವನ್ನು ಆ ಹುಡುಗನೇ ಬರೆದಿದ್ದಾನೆ: ತೂಕ ಹಾಕದ ಲಾಟ್ ರದ್ದಾದ ಲಾಟ್ ಅಲ್ಲ.